ಪಗಾರ ಕೇಳಬ್ಯಾಡ್ರಿ, ಪುಸ್ತಕ ಕೇಳ್ರಿ

ನಮ್ಮ ಬಳಗದಲ್ಲಿ ಪರದೇಶ ಕಾಣದವರು ಅಂದರೆ ಗಂಡ-ಹೆಂಡತಿ ನಾವಿಬ್ಬರೇ ಎಂದು ನಮ್ಮ ದೊಡ್ಡ ವೈನಿ ಎಲ್ಲ ಮದುವೆ-ಮುಂಜಿಗಳಲ್ಲೂ ಸಾರುತ್ತ ಬಂದಿದ್ದಾರೆ. ಅವರ ಮಗ ಡಲ್ಲಾಸಿನಲ್ಲಿದ್ದಾನೆ, ಮೊಮ್ಮಗಳು ಲಂಡನ್ನಿನಲ್ಲಿ ಓದುತ್ತಿದ್ದಾಳೆ. ಆದರೆ ಅವರ ಮಾತು ತಪ್ಪು. ನಾವೂ ಪರದೇಶದಲ್ಲೇ ಇದ್ದೇವೆ. ಧಾರವಾಡದಿಂದ ನಾನೂರು ಚಿಲ್ಲರೆ ಕಿಲೋಮೀಟರು. ರಾತ್ರಿ ಉಂಡು ಬಸ್ ಹತ್ತಿದರೆ ಬೆಳಗಿನ ಚಹಾದ ಹೊತ್ತಿಗೆ ಸ್ವಾರಗೇಟ್. ವೀಸಾ ಬೇಡ ನಿಜ. ಆದರೆ ಪುಣೆಯ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯೊಬ್ಬರು ಬಾಡಿಗೆಗೆ ಬಂದವರ ಹತ್ತಿರ ಕೇಳುವ ಕಾಗದಪತ್ರಗಳನ್ನು ನೋಡಿದರೆ ಅಮೆರಿಕದ ಕಾನ್ಸುಲೇಟಿನವರೂ ನಾಚಿಕೊಂಡು ಸುಮ್ಮನಾದಾರು.

ಇದು ಪರದೇಶವಾದದ್ದೂ ಮೊನ್ನೆ ಮೊನ್ನೆ. 1956ರ ನವೆಂಬರ್ 1ರ ತನಕ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇತ್ತಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಗುವವರೆಗೆ ನಮ್ಮ ಕಡೆಯ ಹುಡುಗರು ಡಿಗ್ರಿ ಬೇಕಂದರೆ ಪುಣೆಗೋ ಮುಂಬಯಿಗೋ ಗಂಟು ಕಟ್ಟಲೇಬೇಕಿತ್ತು. ಬೇಂದ್ರೆಯವರು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲೇ ಓದಿ 1918ರಲ್ಲಿ ಬಿ.ಎ. ಮುಗಿಸಿದ್ದು. ಗದಗಿನ ಕಡೆಯ ಭೀಮಸೇನ ಜೋಶಿಯವರಂತೂ ಪುಣೆಯವರೇ ಆಗಿಬಿಟ್ಟರು. ಹಾಡು ಬಂದವರಿಗೆ, ಕವಿತೆ ಬಂದವರಿಗೆ ಈ ಊರು ಮಣೆ ಹಾಕಿ ಕೂಡಿಸಿದೆ. ಎಂ.ಎ. ಕನ್ನಡ ಮಾಡಿಕೊಂಡು, ಬ್ಯಾಂಕಿನಲ್ಲಿರುವ ಗಂಡನ ವರ್ಗಾವಣೆಯ ಹಿಂದೆ ಕುಕ್ಕರು, ತವೆ ಕಟ್ಟಿಕೊಂಡು ಬಂದವಳಿಗೆ ಏನು ಕೊಡಬೇಕೆಂದು ಮಾತ್ರ ಪಾಪ, ಊರಿಗೂ ಹೊಳೆಯಲಿಲ್ಲ.

ಎರಂಡವಣೆಯಲ್ಲಿ ಕನ್ನಡ ಸಂಘದ ಶಾಲೆ ಇದೆ, ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಕನ್ನಡ ಮಾಧ್ಯಮದ ಹೈಸ್ಕೂಲು. ಆದರೆ ಮಾಸ್ತರಿಕೆಗೆ ಬಿ.ಎಡ್. ಬೇಕು, ನನ್ನ ಹತ್ತಿರ ಅದಿಲ್ಲ. ಹಿಂಜವಡಿಯ ಐಟಿ ಕಂಪನಿಗಳಿಗೆ ಬೇಕಾದದ್ದು ಇನ್ನೇನೇನೋ, ನನ್ನ ಹತ್ತಿರ ಅದಂತೂ ಮೊದಲೇ ಇಲ್ಲ. ಇದ್ದದ್ದು ಇಷ್ಟು: ಓದುವ ಚಟ, ಧಾರವಾಡದವಳಾದ್ದರಿಂದ ಮುರುಕು-ಮುರುಕಾಗಿಯಾದರೂ ಬರುವ ಮರಾಠಿ, ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ತನಕ ಮನೆಯಲ್ಲಿ ಯಾರಿಗೂ ಬೇಡವಾದ ಹೊತ್ತು. ಈ ಮೂರನ್ನೂ ಕೂಡಿಸಿದರೆ ಉತ್ತರ ಪುಸ್ತಕದ ಅಂಗಡಿ ಎಂದೇ ಬರುತ್ತದೆ. ಪಗಾರ ಎಷ್ಟು ಬರುತ್ತದೆ ಎಂಬುದು ಬೇರೆ ಲೆಕ್ಕ.

ಪುಣೆಯಲ್ಲಿ ಪುಸ್ತಕ ಅಂದರೆ ಅಪ್ಪಾ ಬಲವಂತ ಚೌಕ. ಪೇಶವೆ ಕಾಲದ ಮೆಹೆಂದಳೆ ಮನೆತನದ ಸರದಾರರೊಬ್ಬರ ಹೆಸರು ಅದು. ಈಗಿನ ಹುಡುಗರ ಬಾಯಲ್ಲಿ ಸವೆದು ಸವೆದು ಬರೀ ಎಬಿಸಿ. ಚೌಕದ ಸುತ್ತ ಎತ್ತ ತಿರುಗಿದರೂ ಅಂಗಡಿ, ಅಂಗಡಿಯ ಮುಂದೆ ಪುಸ್ತಕದ ಅಟ್ಟಿ, ಅಟ್ಟಿಯ ಮುಂದೆ ಸ್ಕೂಟರು, ಸ್ಕೂಟರಿನ ಮುಂದೆ ಅದನ್ನು ಎತ್ತಿಕೊಂಡು ಹೋಗಲು ಬಂದ ಟ್ರಾಫಿಕ್ ಪೊಲೀಸರ ಗಾಡಿ. ಅಲ್ಲೇ ಎಲ್ಲೋ ಒಂದು ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಹೆಸರು ಹೇಳಲಾರೆ. ಹೇಳಿದರೆ ನಮ್ಮ ಮಾಲಕರು ಇದನ್ನು ಜಾಹೀರಾತೆಂದು ತಿಳಿದು, ಅದರ ರೊಕ್ಕ ಎಲ್ಲಿ ಕೇಳುತ್ತಾಳೋ ಎಂದು ಹೆದರಿಯಾರು.

ಇಂಟರ್‌ವ್ಯೂ ಆಯಿತು. ಯಾವ ಲೇಖಕರು ಇಷ್ಟ, ಇತ್ತೀಚೆಗೆ ಏನು ಓದಿದಿರಿ ಎಂದೆಲ್ಲ ಕೇಳುತ್ತಾರೆಂದು ನಾನು ರಾತ್ರಿಯೆಲ್ಲ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಮಾಲಕರು ಕನ್ನಡಕದ ಮೇಲಿಂದ ನೋಡಿ ಕೇಳಿದ ಮೊದಲ ಪ್ರಶ್ನೆ: "ಧೂಳಿನ ಅಲರ್ಜಿ ಇದೆಯೇ?" ಇಲ್ಲವೆಂದೆ. "ಬೆನ್ನುನೋವು?" ಇಲ್ಲವೆಂದೆ. "240 ರೂಪಾಯಿ ಪುಸ್ತಕಕ್ಕೆ ಶೇಕಡಾ 15 ಬಿಟ್ಟರೆ ಎಷ್ಟು?" 204 ಎಂದೆ. ಅಲ್ಲಿಗೆ ಸಾಹಿತ್ಯದ ಪರೀಕ್ಷೆ ಮುಗಿಯಿತು. ತಡೆಯಲಾರದೆ, ಕಾಕಾ, ನಾನು ಎಂ.ಎ. ಮಾಡಿದ್ದೇನೆ ಎಂದೆ. "ಇರಲಿ ಬಿಡಿ, ಕೆಲಸಕ್ಕೇನೂ ಅಡ್ಡಿಯಾಗಲಿಕ್ಕಿಲ್ಲ" ಎಂದು ಸಮಾಧಾನ ಹೇಳಿದರು.

ಅರ್ಧ ದಿನದ ಕೆಲಸಕ್ಕೆ ತಿಂಗಳಿಗೆ 8,000 ರೂಪಾಯಿ, ಜೊತೆಗೆ ಸಂಜೆಯ ಒಂದು ಕಟಿಂಗ್ ಚಹಾ.

ಸುದ್ದಿ ಕೇಳಿ ನಮ್ಮ ಮನೆಯವರು ಕ್ಯಾಲ್ಕುಲೇಟರ್ ತೆಗೆದರು. ಬ್ಯಾಂಕಿನವರಲ್ಲವೇ, ಸಂತೋಷವಾದರೂ ಅದೇ ತೆಗೆಯುತ್ತಾರೆ, ದುಃಖವಾದರೂ ಅದೇ. ಕೋಥರೂಡಿನಿಂದ ಬಸ್ಸಿನ ರೊಕ್ಕ, ಬಸ್ ತಪ್ಪಿದ ದಿನ ರಿಕ್ಷಾ, ಸಂಜೆ ಹಸಿವಾದರೆ ಒಂದು ವಡಾಪಾವ್, ನಾನಿಲ್ಲದ ರಾತ್ರಿ ತಮಗೆ ಹೊರಗಿನಿಂದ ತರಿಸುವ ಊಟ (ಅನ್ನ ಮಾಡಿಕೊಳ್ಳುವುದು ಅವರ ಪಟ್ಟಿಯಲ್ಲಿ ಬರುವುದೇ ಇಲ್ಲ) ಎಲ್ಲ ಕಳೆದು, "ಅಲ್ಲಾ, ನೀ ಮನ್ಯಾಗ ಸುಮ್ನ ಕೂತ್ರ ಇದಕ್ಕಿಂತ ಹೆಚ್ಚು ಉಳೀತದಲ್ಲ!" ಎಂದರು. ಡಲ್ಲಾಸಿನ ಹುಡುಗ ಅದನ್ನು ಡಾಲರಿಗೆ ಪರಿವರ್ತಿಸಿ ನೋಡಿ, ಫೋನಿನಲ್ಲಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಧಾರವಾಡದಿಂದ ನಮ್ಮವ್ವ, "ಅಂಗಡ್ಯಾಗ ನಿಂತ ಕೆಲಸಾ ಮಾಡೋದನ್ನ ಓಣ್ಯಾಗ ಯಾರಿಗೂ ಹೇಳಬ್ಯಾಡ. ಲೈಬ್ರರಿ ಅಂತ ಹೇಳ್ತೀನಿ ನಾ" ಎಂದಳು.

ಇದರಲ್ಲಿ ಒಂದು ತಮಾಷೆ ಇದೆ. ಲಂಡನ್ನಿನಲ್ಲಿ ಓದುತ್ತಿರುವ ವೈನಿಯ ಮೊಮ್ಮಗಳೂ ಶನಿವಾರ-ರವಿವಾರ ಒಂದು ಪುಸ್ತಕದ ಅಂಗಡಿಯಲ್ಲೇ ಕೆಲಸ ಮಾಡುತ್ತಾಳೆ. ಅವಳೂ ಡಬ್ಬ ಎತ್ತುತ್ತಾಳೆ, ಅವಳಿಗೂ ಅಲ್ಲಿಯ ಲೆಕ್ಕದಲ್ಲಿ ಬಿಡಿಗಾಸೇ. ಅವಳ ಫೋಟೋ ಮಾತ್ರ ಬಳಗದ ವಾಟ್ಸಾಪಿನಲ್ಲಿ ಬಂದು, ಎಷ್ಟು ಸ್ವಾಭಿಮಾನದ ಹುಡುಗಿ ಎಂದು ಹತ್ತಾರು ಜನ ಕೈ ಮುಗಿದರು. ನನ್ನ ಸುದ್ದಿ ಬಂದಾಗ ಅದೇ ಜನ, "ಬ್ಯಾಂಕಿನ್ಯಾಗ ಏನರ ಭಾನಗಡಿ ಆಗೇದೇನು?" ಎಂದು ನಮ್ಮ ಮನೆಯವರನ್ನು ಗುಟ್ಟಾಗಿ ವಿಚಾರಿಸಿದರು. ಕಡಿಮೆ ಪಗಾರಕ್ಕೂ ವಿಮಾನ ಹತ್ತಿ ಹೋದರೇ ಬೆಲೆ. ಬಸ್ಸಿನಲ್ಲಿ ಹೋದರೆ ಅದು ಬರೀ ಕಡಿಮೆ ಪಗಾರ.

ಪುಸ್ತಕದ ಅಂಗಡಿಯವರು ದಿನವಿಡೀ ಕಾಲು ಮೇಲೆ ಕಾಲು ಹಾಕಿಕೊಂಡು ಓದುತ್ತಿರುತ್ತಾರೆ ಎಂದು ನೀವೂ ತಿಳಿದಿರಬೇಕು. ನಾನೂ ಅದೇ ಆಸೆಯಿಂದ ಸೇರಿದ್ದು. ಕೆಲಸಕ್ಕೆ ಸೇರಿದ್ದು ಜೂನಿನಲ್ಲಿ. ಜೂನಿನಲ್ಲಿ ಎಬಿಸಿಗೆ ಬಂದವರಿಗೆ ಗೊತ್ತು, ಅದು ಚೌಕವಲ್ಲ, ಜಾತ್ರೆ. ಶಾಲೆಯ ಪಟ್ಟಿ ಹಿಡಿದ ತಂದೆ, ಪಟ್ಟಿಯಲ್ಲಿ ಇಲ್ಲದ್ದನ್ನು ಬೇಡುವ ಮಗ, ಹೋದ ವರ್ಷದ ಪುಸ್ತಕವೇ ನಡೆಯುತ್ತದಲ್ಲವೇ ಎನ್ನುವ ತಾಯಿ. ನಾನು ಮೊದಲ ವಾರ ಮಾರಿದ ಸಾಹಿತ್ಯ ಎಂದರೆ ನವನೀತ ಗೈಡು, ಕಂದು ಬಣ್ಣದ ರಟ್ಟುಕಾಗದ, ಹೆಸರು ಬರೆಯುವ ಚೀಟಿ, ಮತ್ತು 'ಇಪ್ಪತ್ತೊಂದು ಅಪೇಕ್ಷಿತ'. ಈ ಕೊನೆಯದು ಮಹಾರಾಷ್ಟ್ರದ ಮಕ್ಕಳ ಪಾಲಿನ ಧರ್ಮಗ್ರಂಥ. ಪರೀಕ್ಷೆಯಲ್ಲಿ ಬರಬಹುದಾದ ಪ್ರಶ್ನೆಗಳ 21 ಜೋಡಣೆ. ಯಾವ ಲೇಖಕನನ್ನೂ ಜನ ಇಷ್ಟು ಭಕ್ತಿಯಿಂದ ಕೇಳಿದ್ದನ್ನು ನಾನು ಕಂಡಿಲ್ಲ.

ಜೂನು ದಾಟಿದರೆ ಸ್ಪರ್ಧಾ ಪರೀಕ್ಷೆಯ ಹುಡುಗರು. ಸದಾಶಿವ ಪೇಠೆಯ ಖೋಲಿಗಳಲ್ಲಿ ಮೂವರು-ನಾಲ್ವರು ಸೇರಿ ಇರುತ್ತಾರೆ, ಎಂಪಿಎಸ್‌ಸಿ ಬರೆಯುತ್ತಾರೆ. ಲಾತೂರು, ಬೀಡ, ಜತ್ತ, ಸೋಲಾಪುರದ ಕಡೆಯ ಮಕ್ಕಳು. ನಾಲ್ವರು ಬಂದು ಒಂದು ಪುಸ್ತಕ ಕೊಳ್ಳುತ್ತಾರೆ, ಎದುರಿಗಿನ ಝೆರಾಕ್ಸ್ ಅಂಗಡಿಗೆ ಹೋಗಿ ನಾಲ್ಕು ಮಾಡಿಕೊಳ್ಳುತ್ತಾರೆ. ನಮ್ಮ ಮಾಲಕರಿಗೆ ಇದು ಗೊತ್ತಿಲ್ಲವೆಂದಲ್ಲ, ಝೆರಾಕ್ಸಿನವನು ಅವರ ಭಾವಮೈದ.

ಆಮೇಲೆ ನಿಜವಾದ ಹೊಡೆತ. ಮರಾಠಿಯವರ ದೀಪಾವಳಿ ಅಂಕಗಳು. 1909ರಲ್ಲಿ ಕಾಶಿನಾಥ ರಘುನಾಥ ಮಿತ್ರ ಎಂಬವರು 'ಮನೋರಂಜನ' ಮಾಸಿಕದ ಮೊದಲ ದೀಪಾವಳಿ ಸಂಚಿಕೆ ತೆಗೆದರಂತೆ. ಪುಣ್ಯಾತ್ಮ ಒಂದು ತೆಗೆದು ಹೋದರು, ಈಗ ನೂರಾರು ಬರುತ್ತವೆ. ನಮ್ಮಲ್ಲೂ ದೀಪಾವಳಿ ವಿಶೇಷಾಂಕ ಉಂಟು, ಆದರೆ ಅದು ಪತ್ರಿಕೆಗೊಂದು. ಇಲ್ಲಿ ವರ್ಷವಿಡೀ ಮಲಗಿದ್ದು ದೀಪಾವಳಿಗೊಮ್ಮೆ ಮಾತ್ರ ಏಳುವ ಪತ್ರಿಕೆಗಳೂ ಇವೆ: ಕತೆಯದು, ಜ್ಯೋತಿಷ್ಯದ್ದು, ನಗೆಯದು, ಅಡುಗೆಯದು. ಸುತಳಿಯಿಂದ ಬಿಗಿದ ಗಂಟುಗಳು ಟೆಂಪೋದಿಂದ ಇಳಿದವೆಂದರೆ ಬಿಚ್ಚಬೇಕು, ಎಣಿಸಬೇಕು, ಮುಖಪುಟ ಕಾಣುವಂತೆ ಜೋಡಿಸಬೇಕು. ಸುತಳಿಗೆ ಕತ್ತರಿ ಹಾಕಿದರೆ ಮಾಲಕರ ಜೀವ ಹೋಗುತ್ತದೆ. ಉಗುರಿನಿಂದ ಗಂಟು ಸಡಿಲಿಸಿ, ಎಳೆದು, ಕಿರುಬೆರಳಿಗೂ ಹೆಬ್ಬೆರಳಿಗೂ ಎಂಟರ ಆಕಾರದಲ್ಲಿ ಸುತ್ತಿ, ಮೊಳೆಗೆ ನೇತುಹಾಕಬೇಕು. ಉಳಿದುಹೋದ ಅಂಕಗಳನ್ನು ವಾಪಸು ಕಳಿಸುವಾಗ ಅದೇ ಸುತಳಿ ಬೇಕಲ್ಲ. ಹಬ್ಬ ಮುಗಿಯುವಷ್ಟರಲ್ಲಿ ನನ್ನ ಉಗುರುಗಳನ್ನು ನೋಡಿ ನಮ್ಮ ಮನೆಯವರು, "ಎಂ.ಎ. ಎದರಾಗ ಮಾಡೀ ಅಂದಿ?" ಎಂದು ಮತ್ತೆ ಕೇಳಿದರು.

ಹೀಗೆ ಗೊಣಗುವುದರಲ್ಲಿ ನಾನು ಮೊದಲನೆಯವಳೇನಲ್ಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1934ರಿಂದ 36ರ ಆರಂಭದವರೆಗೆ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಹಳೆ ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆ ಮೇಲೆ ಅದರ ಬಗ್ಗೆ ಒಂದು ಪ್ರಬಂಧವನ್ನೇ ಬರೆದು, ಅಲ್ಲಿದ್ದು ಪುಸ್ತಕದ ಮೇಲಿನ ಪ್ರೀತಿಯೇ ಹಾರಿಹೋಯಿತೆಂದು ಹೇಳಿಕೊಂಡ. ಅವನಿಗಾದರೂ ಅಂಗಡಿಯ ಮೇಲೆ ಇರಲಿಕ್ಕೆ ಒಂದು ಕೋಣೆ ಸಿಕ್ಕಿತ್ತು. ನಮ್ಮ ಅಂಗಡಿಯ ಮೇಲೆ ಇರುವುದು ಇಂಗ್ಲಿಷ್ ಕಲಿಸುವ ಕ್ಲಾಸು, ಅದರ ಮೇಲೆ ಪಾರಿವಾಳ.

ಆರ್ವೆಲ್ಲನ ಮಾತು ಪೂರ್ತಿ ಒಪ್ಪಲಾರೆ. ಕನ್ನಡದವಳಾಗಿ ಒಪ್ಪಿದರೆ ಚೆನ್ನಾಗಿಯೂ ಕಾಣುವುದಿಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ರಾಜರತ್ನಂ ಅವರು ತಮ್ಮನ್ನು ಸಾಹಿತ್ಯ ಪರಿಚಾರಕ ಎಂದು ಕರೆದುಕೊಂಡು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಹೋಗಿ ಮಾರಿದರು. ಬರೆದವರೇ ಹಮಾಲಿ ಮಾಡಿರುವಾಗ ಓದುವವಳಿಗೆ ಎಂಥ ಬಿಂಕ? ನಮ್ಮ ಕರಾವಳಿಯ ಶಾನಭಾಗರನ್ನೇ ನೋಡಿ. ಟಿ.ಎನ್. ಶಾನಭಾಗರು 1948ರಲ್ಲಿ ಮುಂಬಯಿಯ ಸ್ಟ್ರ್ಯಾಂಡ್ ಸಿನಿಮಾ ಥಿಯೇಟರಿನಲ್ಲಿ ಒಂದು ಗೂಡಂಗಡಿಯಿಂದ ಶುರುಮಾಡಿ 'ಸ್ಟ್ರ್ಯಾಂಡ್ ಬುಕ್ ಸ್ಟಾಲ್' ಕಟ್ಟಿದರು, ಪುಸ್ತಕ ಮಾರಿಯೇ ಪದ್ಮಶ್ರೀ ಪಡೆದರು. ಅವರ ಬಳಿ ಪಳಗಿದ ಸೋದರಸಂಬಂಧದ ಹುಡುಗ ಟಿ.ಎಸ್. ಶಾನಭಾಗರು 1971ರಲ್ಲಿ ಬೆಂಗಳೂರಿನ ಪ್ರೀಮಿಯರ್ ತೆರೆದರು. ಆ ಅಂಗಡಿಯಲ್ಲಿ ಪುಸ್ತಕಗಳ ಗೋಪುರಗಳ ನಡುವೆ ಓರೆಯಾಗಿ ನಡೆಯಬೇಕಿತ್ತು. ಯಾವ ಗೋಪುರದ ಯಾವ ಅಂತಸ್ತಿನಲ್ಲಿ ಏನಿದೆ ಎಂದು ಅವರೊಬ್ಬರಿಗೇ ಗೊತ್ತಿತ್ತು. ಪ್ರೀಮಿಯರ್ 2009ರಲ್ಲಿ ಮುಚ್ಚಿತು, ಸ್ಟ್ರ್ಯಾಂಡ್ 2018ರಲ್ಲಿ. ಇಲ್ಲಿಯ ಕ್ಯಾಂಪಿನ ಮ್ಯಾನೀಸ್ 2012ರಲ್ಲೇ ಬಾಗಿಲು ಹಾಕಿತ್ತು. ನಮ್ಮ ಮಾಲಕರು ಈ ಪಟ್ಟಿಯನ್ನು ಬಾಯಿಪಾಠ ಮಾಡಿದ್ದಾರೆ, ಪಗಾರದ ಮಾತು ಎತ್ತಿದ ಕೂಡಲೇ ಒಪ್ಪಿಸುತ್ತಾರೆ.

ಅವರನ್ನು ಬೈಯಲೂ ಬರುವುದಿಲ್ಲ ನೋಡಿ. 300 ರೂಪಾಯಿಯ ಪುಸ್ತಕದಲ್ಲಿ ಪ್ರಕಾಶಕರು ಅಂಗಡಿಗೆ ಬಿಡುವುದು ನೂರೋ ತೊಂಬತ್ತೋ. ಅದರಲ್ಲಿ ಗಿರಾಕಿಗೆ ಹತ್ತು-ಹದಿನೈದು ಪರ್ಸೆಂಟು ಬಿಡಬೇಕು, ಇಲ್ಲದಿದ್ದರೆ ಅವನು ಅಂಗಡಿಯಲ್ಲೇ ನಿಂತು, ನಮ್ಮ ಪುಸ್ತಕವನ್ನೇ ಕೈಯಲ್ಲಿ ಹಿಡಿದು, ಮುಖಪುಟದ ಫೋಟೋ ತೆಗೆದು ಅಮೆಜಾನಿನಲ್ಲಿ ತರಿಸುತ್ತಾನೆ. ಉಳಿದ ಐವತ್ತರಲ್ಲಿ ಬಾಡಿಗೆ, ಕರೆಂಟು, ನನ್ನ ಚಹಾ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂಬುದೊಂದೇ ಸರಕಾರ ತೋರಿಸಿದ ದಯೆ. ನಿಜ ಹೇಳಬೇಕೆಂದರೆ ನನ್ನ ಪಗಾರ ಹುಟ್ಟುವುದು ಮಹಾಕಾದಂಬರಿಗಳಿಂದಲ್ಲ, ಪೆನ್ನು, ವಹಿ, ಕಂಪಾಸ್ ಪೆಟ್ಟಿಗೆಗಳಿಂದ.

ಅಂಗಡಿಯ ಪುಸ್ತಕಗಳಲ್ಲಿ ಯಾವುದು ಹೆಚ್ಚು ಹೋಗುತ್ತದೆ ಎಂದು ಕೇಳಿದರೆ ನಗಬಾರದು. 'ರಿಚ್ ಡ್ಯಾಡ್ ಪುವರ್ ಡ್ಯಾಡ್', ಮರಾಠಿಯಲ್ಲಿ. ಶ್ರೀಮಂತರಾಗುವ ಬಗೆಯನ್ನು ದಿನಾ ಹತ್ತು ಜನಕ್ಕೆ ನಾನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ, ತಿಂಗಳಿಗೆ ಎಂಟು ಸಾವಿರಕ್ಕೆ.

ಇನ್ನು ಗಿರಾಕಿಗಳು. ಪುಣೆಯ ಅಂಗಡಿಯವರ ಗತ್ತನ್ನು ಪು.ಲ. ದೇಶಪಾಂಡೆಯವರು ಗೇಲಿ ಮಾಡಿ ಮಾಡಿ ಮರಾಠಿಯವರನ್ನು ನಗಿಸಿದ್ದಾರೆ. ಅವರ ಅಜ್ಜನ ಮನೆತನ ಕಾರವಾರದ್ದು, ಬೆಳಗಾವಿಯ ಕಾಲೇಜಿನಲ್ಲೂ ಅವರು ಪಾಠ ಹೇಳಿದ್ದರು. ಹೀಗಾಗಿ ಅರ್ಧ ನಮ್ಮವರೇ ಎಂದು ನಾನು ಎಬಿಸಿಯಲ್ಲಿ ಆಗಾಗ ವಾದ ಹೂಡುತ್ತೇನೆ. ಆದರೆ ಪು.ಲ. ಅಂಗಡಿಯ ಈಚೆಗೆ ನಿಂತು ನೋಡಿದವರು. ಆಚೆಗೆ ನಿಂತು ನೋಡಿದರೆ ಪುಣೇಕರ ಗಿರಾಕಿಯ ಗತ್ತೇನು ಕಡಿಮೆಯದಲ್ಲ. ಸಂಜೆ ಐದಕ್ಕೆ ಬರುವ ಒಬ್ಬ ಅಜೋಬಾ ಇದ್ದಾರೆ. ಒಂದು ದಪ್ಪ ಚರಿತ್ರೆಯ ಪುಸ್ತಕವನ್ನು ನಿಂತೇ ಓದುತ್ತಾರೆ, ಬಸ್ ಟಿಕೆಟ್ಟನ್ನು ಗುರುತಿಗೆ ಇಟ್ಟು ಹೋಗುತ್ತಾರೆ. ಒಮ್ಮೆ ಆ ಪ್ರತಿ ಮಾರಾಟವಾಗಿಬಿಟ್ಟಿತು. ಮರುದಿನ ಬಂದು, "ನನ್ನನ್ನು ಒಂದು ಮಾತು ಕೇಳದೆ ಹೇಗೆ ಮಾರಿದಿರಿ?" ಎಂದು ತರಾಟೆಗೆ ತೆಗೆದುಕೊಂಡರು. ಮಾಲಕರು ಪುಣೇರಿ ಪದ್ಧತಿಯಂತೆ ಒಂದು ಪಾಟಿ ಬರೆಸಿ ಹಾಕಿದರು: 'ಓದಿ ಮುಗಿಸಿದವರು ಜಾಗ ಬಿಡಿ. ಹಿಂದೆ ಕೊಳ್ಳುವವರು ಯಾರಾದರೂ ನಿಂತಿರಬಹುದು.' ಅಜೋಬಾ ಅದರಲ್ಲಿ ಒಂದು ಕಾಗುಣಿತದ ತಪ್ಪು ತೋರಿಸಿ, ತಾವೇ ಪೆನ್ನು ತೆಗೆದು ತಿದ್ದಿ, ಓದಲು ನಿಂತರು.

ನನಗೆ ಸೊಗಸೆನ್ನಿಸಿದ್ದು ಭೈರಪ್ಪನವರ ಕಪಾಟು. ಪುಣೆಯ ಮೆಹತಾ ಪ್ರಕಾಶನದವರು ತಂದ ಮರಾಠಿ ಭೈರಪ್ಪ. ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಉಮಾ ಕುಲಕರ್ಣಿಯವರು ಮಾಡಿದ ಅನುವಾದಗಳು. ಗಂಡ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಓದಿ ಹೇಳುವುದು, ಇವರು ಕೇಳಿ ಮರಾಠಿಗೆ ತರುವುದು: ಸಂಸಾರವೆಂದರೆ ಅದು. (ಇದನ್ನು ನಮ್ಮ ಮನೆಯವರಿಗೆ ಹೇಳಿದಾಗ, "ನಾ ಪಾಸ್‌ಬುಕ್ ಓದಿ ಹೇಳ್ತೀನಿ, ನೀ ಬರಕೊ" ಎಂದರು.) ಒಂದು ದಿನ ನಾರಾಯಣ ಪೇಠೆಯ ಒಬ್ಬ ಆಜಿ 'ಪರ್ವ' ಕೊಳ್ಳಲು ಬಂದರು. ಈ ಭೈರಪ್ಪ ಕೊಲ್ಹಾಪುರದ ಕಡೆಯವರಿರಬೇಕು ಎಂದರು. ಅಲ್ಲ ಆಜಿ, ಹಾಸನ ಜಿಲ್ಲೆಯ ಸಂತೇಶಿವರದವರು, ಕನ್ನಡದಲ್ಲಿ ಬರೆದದ್ದು ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ತಾವು ಇಪ್ಪತ್ತು ವರ್ಷದಿಂದ ಮರಾಠಿಯಲ್ಲೇ ಓದುತ್ತಿಲ್ಲವೇ? ಕೊನೆಗೆ ಅನುವಾದಕರ ಹೆಸರು ತೋರಿಸಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಇದನ್ನು ಮೂಲದಲ್ಲೇ ಓದಲು ಬರುತ್ತದೆಯೇ? ಹಾಗಿದ್ದರೆ ಇಲ್ಲಿ ಯಾಕೆ ನಿಂತಿದ್ದೀ?" ಎಂದರು. ಈ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರ ತಯಾರಿಲ್ಲ. ಅಂದು ಹತ್ತು ಪರ್ಸೆಂಟಿನ ಬದಲು ಹದಿನೈದು ಬಿಟ್ಟು ಕಳಿಸಿದೆ.

ಈ ಪುಸ್ತಕದ ಸಾಗಾಣಿಕೆ ಮೊದಲು ಎದುರು ದಿಕ್ಕಿನಲ್ಲಿ ನಡೆಯುತ್ತಿತ್ತು. ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಆನಂದಾಶ್ರಮ ಇದೆ, ಸಂಸ್ಕೃತ ಗ್ರಂಥಗಳನ್ನು ಅಚ್ಚು ಹಾಕಿದ ಹಳೆಯ ಸಂಸ್ಥೆ. ಅದರ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಮರಾಠಿಯ ಕಾದಂಬರಿಕಾರ ಹರಿ ನಾರಾಯಣ ಆಪ್ಟೆ. ಅವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು ನಮ್ಮ ಅಜ್ಜ-ಅಜ್ಜಿಯರಿಗೆ ಕಾದಂಬರಿಯ ಹುಚ್ಚು ಹಿಡಿಸಿದವರಲ್ಲಿ ಮೊದಲಿಗರೇ ಗಳಗನಾಥರು. ಆಗ ಕಾದಂಬರಿ ಈ ಬುಧವಾರ ಪೇಠೆಯಿಂದ ಹಾವೇರಿಯ ಕಡೆ ಹೋಯಿತು, ಈಗ ಹಾಸನದಿಂದ ಇಲ್ಲಿಗೆ ಬಂತು. ನಡುವೆ ಸುತಳಿ ಬಿಚ್ಚುವ ಕೆಲಸ ನನ್ನದು.

ಕನ್ನಡ ಪುಸ್ತಕ ಇದೆಯೇ ಎಂದು ಕೇಳುವವರೂ ಆಗಾಗ ಬರುತ್ತಾರೆ. ಹಿಂಜವಡಿಯ ಹುಡುಗರು, ಮರಾಠಿಯಲ್ಲಿ ಶುರುಮಾಡಿ, ನನ್ನ ಮುಖ ನೋಡಿ, ನಡುವೆಯೇ "ನೀವು ಕನ್ನಡದವ್ರಾ ಮೇಡಂ?" ಎನ್ನುತ್ತಾರೆ. ನಮ್ಮಲ್ಲಿ ಇಲ್ಲ ಎನ್ನಲು ಬೇಸರ. ಪುಣೆಯಲ್ಲಿ ಕನ್ನಡ ಪುಸ್ತಕ ಅಚ್ಚಾಗುವುದೇ ಇಲ್ಲವೆಂದಲ್ಲ. ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಬಾಲಭಾರತಿ, ಅಂದರೆ 1967ರಲ್ಲಿ ಹುಟ್ಟಿದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳ, ಕನ್ನಡದಲ್ಲೂ ಪಠ್ಯ ತರುತ್ತದೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೆ ಅ ಆ ಇ ಈ ಹೋಗುವುದು ಪುಣೆಯಿಂದ. ಆದರೆ ಕಾದಂಬರಿ ಕೇಳಲು ಬಂದ ಇಂಜಿನಿಯರನಿಗೆ ಒಂದನೇ ಇಯತ್ತೆಯ ಪುಸ್ತಕ ಕೊಡಲು ಬರುತ್ತದೆಯೇ? ಹೀಗಾಗಿ ಧಾರವಾಡಕ್ಕೆ ಹೋದಾಗಲೆಲ್ಲ ಸುಭಾಸ ರಸ್ತೆಯಿಂದ ಒಂದು ಚೀಲ ತಂದು, ಕೇಳಿದವರಿಗೆ ತಂದ ಬೆಲೆಗೇ ಕೊಡುತ್ತೇನೆ. ಬಸ್ಸಿನ ರೊಕ್ಕವನ್ನು ಅದರಲ್ಲಿ ಹಿಡಿಯುವುದಿಲ್ಲ. ಈ ವ್ಯವಹಾರ ಕ್ಯಾಲ್ಕುಲೇಟರಿನವರಿಗೆ ಇನ್ನೂ ಗೊತ್ತಿಲ್ಲ.

ಪಗಾರದ ಲೆಕ್ಕ ಅವರಿಗೆ ಗೊತ್ತಿರುವುದೂ ಅರ್ಧ ಮಾತ್ರ. ಕೆಲಸದವರಿಗೆ ಅಂಗಡಿಯಲ್ಲಿ 20 ಪರ್ಸೆಂಟು ರಿಯಾಯಿತಿ. ಕಟ್ಟು ಬಿಚ್ಚುವಾಗ ಹೊಸ ಪುಸ್ತಕದ ವಾಸನೆ ಬರುತ್ತದೆ, ಹಿಂಬದಿಯ ನಾಲ್ಕು ಸಾಲು ಕಣ್ಣಿಗೆ ಬೀಳುತ್ತದೆ, ಕೈ ಅದನ್ನು ಗಲ್ಲಾದ ಕೆಳಗೆ ಸರಿಸಿಬಿಡುತ್ತದೆ. ತಿಂಗಳ ಕೊನೆಗೆ ಮಾಲಕರು ಎಂಟು ಸಾವಿರ ಎಣಿಸಿ ಮೇಜಿನ ಮೇಲೆ ಇಡುತ್ತಾರೆ, ನನ್ನ ಪುಸ್ತಕದ ಚೀಟಿ ತೆಗೆಯುತ್ತಾರೆ, ಅಷ್ಟನ್ನು ಎಣಿಸಿ ವಾಪಸು ಗಲ್ಲಾಕ್ಕೆ ಹಾಕುತ್ತಾರೆ. ಇಬ್ಬರೂ ಗಂಭೀರವಾಗಿಯೇ ಇರುತ್ತೇವೆ.

ಹೋದ ಗುಡಿಪಾಡವಾದ ಮುಂದೆ ಧೈರ್ಯ ಮಾಡಿ ಪಗಾರ ಹೆಚ್ಚಿಸಲು ಕೇಳಿದೆ. ಮಾಲಕರು ಪ್ರೀಮಿಯರು, ಸ್ಟ್ರ್ಯಾಂಡು, ಮ್ಯಾನೀಸುಗಳ ಪಟ್ಟಿ ಒಪ್ಪಿಸಿದರು. ಆಮೇಲೆ ಒಂದು ದಿನ ಯೋಚನೆಗೆ ತೆಗೆದುಕೊಂಡು, ಪಗಾರ ಹೆಚ್ಚಿಸಲು ಆಗದು, ಬೇಕಿದ್ದರೆ ನಿಮ್ಮ ರಿಯಾಯಿತಿಯನ್ನು 25 ಮಾಡುತ್ತೇನೆ ಎಂದರು. ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡು ಬಂದೆ. ನಮ್ಮ ಮನೆಯವರು ಕೇಳಿದವರೇ ತಲೆ ಮೇಲೆ ಕೈ ಹೊತ್ತು ಕೂತರು. ಊಟದ ಹೊತ್ತಿಗೆ ಸುಧಾರಿಸಿಕೊಂಡು ಕೇಳಿದರು:

"ಆ 'ರಿಚ್ ಡ್ಯಾಡ್' ನಿನಗ ಈಗ ಎಷ್ಟಕ್ಕ ಬೀಳ್ತದ?"